ಸೆರೆಮನೆಯಿಂದ ಬಂದ ಕೈಬರಹದ ಓಲೆ

1961ನೆಯ ಇಸವಿಯ ನವೆಂಬರ್ 1. ನಮ್ಮ ನಾಡು ಒಂದಾಗಿ ಅಂದಿಗೆ ಐದು ವರ್ಷ ತುಂಬಿತ್ತು. ಅದೇ ದಿನ ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ರಾಜ್ಯದಲ್ಲಿ, ಮ್ಯಾಗ್ನೋಲಿಯಾ ಎಂಬ ಸಣ್ಣ ಪಟ್ಟಣದ ಸೆರೆಮನೆಯಲ್ಲಿ, ಕುಡಿದು ಬಿದ್ದವರನ್ನು ಕೂಡಿಹಾಕಲೆಂದು ಕಟ್ಟಿದ ಸಿಮೆಂಟಿನ ಕೋಣೆಯೊಳಗೆ ಕುಳಿತು ಇಪ್ಪತ್ತಾರು ವರ್ಷದ ಗಣಿತದ ಉಪಾಧ್ಯಾಯರೊಬ್ಬರು ಓಲೆಯೊಂದನ್ನು ಬರೆದರು. ಲೇಖನಿಯೂ ಕಾಗದವೂ ಕಾವಲಿನವರ ಕಣ್ಣು ತಪ್ಪಿಸಿ ಒಳಗೆ ಬಂದಂಥವು. ಬರೆದ ಓಲೆಯೂ ಹಾಗೆಯೇ ಗುಟ್ಟಾಗಿ ಹೊರಗೆ ಹೋಯಿತು. ಬರೆದವರ ಹೆಸರು ರಾಬರ್ಟ್ ಪ್ಯಾರಿಸ್ ಮೋಸೆಸ್. ಸಂಗಡಿಗರು ಅವರನ್ನು ಬಾಬ್ ಎಂದು ಕರೆಯುತ್ತಿದ್ದರು.

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟವೆಂದೊಡನೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಅವರು ಬರೆದ ದೀರ್ಘ ಪತ್ರ ಜಗತ್ಪ್ರಸಿದ್ಧವಾಗಿದೆ. ಅದಕ್ಕೆ ಒಂದೂವರೆ ವರ್ಷ ಮೊದಲೇ ಬರೆದ ಮೋಸೆಸ್ ಅವರ ಈ ಓಲೆ ಒಂದೆರಡು ಪುಟವನ್ನು ಮೀರದು. ಅದರಲ್ಲಿ ವಾದವಿಲ್ಲ, ಉಪದೇಶವಿಲ್ಲ, ತನ್ನನ್ನು ಬಿಡಿಸಿರೆಂಬ ಮೊರೆಯೂ ಇಲ್ಲ. ಆ ಕಾರಣದಿಂದಲೇ ಇದು ನಮ್ಮ ಮನೆಮನೆಗಳಲ್ಲಿ ಓದಬೇಕಾದ ಓಲೆಯೆಂದು ನಾವು ಭಾವಿಸುತ್ತೇವೆ.

ಮೋಸೆಸ್ ಅವರು ಹುಟ್ಟಿದ್ದು 1935ರ ಜನವರಿ 23ರಂದು, ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ನ್ಯೂಯಾರ್ಕಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. 1960ರಲ್ಲಿ ದಕ್ಷಿಣದ ಕಪ್ಪು ವಿದ್ಯಾರ್ಥಿಗಳು, ತಮಗೆ ಊಟ ನೀಡಲೊಪ್ಪದ ಹೋಟೆಲುಗಳಲ್ಲಿ ಹೋಗಿ ಕುಳಿತು ಶಾಂತವಾಗಿ ಪ್ರತಿಭಟಿಸತೊಡಗಿದ ಸುದ್ದಿ ಅವರನ್ನು ಸೆಳೆಯಿತು. ಆ ಬೇಸಗೆಯಲ್ಲಿ ಅವರು ಅಟ್ಲಾಂಟಾಕ್ಕೆ ಹೋದರು. ಅಲ್ಲಿ ಎಲ್ಲಾ ಬೇಕರ್ ಎಂಬ ಹಿರಿಯ ಮಹಿಳೆಯ ಪರಿಚಯವಾಯಿತು. ಜನರ ಮುಂದೆ ನಿಂತು ನಡೆಸುವ ನಾಯಕನಿಗಿಂತ, ಜನರು ತಾವೇ ನಡೆಯುವಂತೆ ಮಾಡುವ ಸಂಘಟಕನೇ ಮುಖ್ಯವೆಂಬುದು ಆ ತಾಯಿಯ ದೃಢವಾದ ನಂಬಿಕೆ. ಅದು ಮೋಸೆಸ್ ಅವರ ಮನಸ್ಸಿಗೆ ಆಳವಾಗಿ ನಾಟಿತು. ಮಿಸಿಸಿಪ್ಪಿಯ ಕ್ಲೀವ್‌ಲ್ಯಾಂಡ್ ಊರಿನ ಆಮ್ಜಿ ಮೂರ್ ಎಂಬ ಹಿರಿಯರು ಅವರಿಗೆ ಇನ್ನೊಂದು ಮಾತು ತಿಳಿಸಿದರು: ಇಲ್ಲಿಯ ಬಡ ರೈತನಿಗೆ ಮೊದಲು ಬೇಕಾದದ್ದು ಹೋಟೆಲಿನ ಕುರ್ಚಿಯಲ್ಲ, ಮತದಾನದ ಹಕ್ಕು.

ಮತದಾನದ ಹಕ್ಕು ಅಮೆರಿಕದ ಸಂವಿಧಾನದಲ್ಲಿ ಇರಲಿಲ್ಲವೆಂದು ಓದುಗರು ತಿಳಿಯಬಾರದು. ವರ್ಣದ ಕಾರಣದಿಂದ ಯಾರಿಗೂ ಮತವನ್ನು ನಿರಾಕರಿಸಕೂಡದೆಂಬ ತಿದ್ದುಪಡಿ 1870ರಲ್ಲಿಯೇ ಆಗಿತ್ತು. ಆದರೆ ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದರೆ ಸರಕಾರಿ ಕಚೇರಿಗೆ ಹೋಗಿ ಇಪ್ಪತ್ತೊಂದು ಪ್ರಶ್ನೆಗಳ ಅರ್ಜಿಯನ್ನು ಸ್ವಹಸ್ತದಿಂದ ತುಂಬಬೇಕಾಗಿತ್ತು. ರಾಜ್ಯ ಸಂವಿಧಾನದ 285 ವಿಧಿಗಳಲ್ಲಿ ಅಧಿಕಾರಿ ತೋರಿಸಿದ ಒಂದನ್ನು ನಕಲು ಮಾಡಿ ಅದರ ಅರ್ಥವನ್ನು ಬರೆಯಬೇಕಾಗಿತ್ತು. ಬರೆದದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಅದೇ ಅಧಿಕಾರಿ, ಬಿಳಿಯ. ಅವನ ತೀರ್ಪಿಗೆ ಕಾರಣ ಕೊಡಬೇಕಾದ ಅಗತ್ಯವಿರಲಿಲ್ಲ. ಅರ್ಜಿ ಹಾಕಿದ ಸುದ್ದಿ ಊರಿಗೆ ತಿಳಿದರೆ ಕೂಲಿ ತಪ್ಪುತ್ತಿತ್ತು, ಸಾಲ ತಪ್ಪುತ್ತಿತ್ತು, ಕೆಲವೊಮ್ಮೆ ಜೀವವೇ ಹೋಗುತ್ತಿತ್ತು. ನಮ್ಮ ದೇಶದಲ್ಲಿ 1951-52ರ ಮೊದಲ ಮಹಾಚುನಾವಣೆಯಲ್ಲಿಯೇ ಅಕ್ಷರ ಬಾರದ ಕೋಟ್ಯಂತರ ಜನ ಚಿಹ್ನೆಯನ್ನು ನೋಡಿ ಮತ ಹಾಕಿದ್ದರು. ಅದು ಎಂಥ ದೊಡ್ಡ ಸಂಗತಿಯೆಂಬುದು ಮಿಸಿಸಿಪ್ಪಿಯ ಈ ಕಥೆಯನ್ನು ಓದಿದಾಗ ಮನದಟ್ಟಾಗುತ್ತದೆ.

1961ರ ಬೇಸಗೆಯಲ್ಲಿ ಮೋಸೆಸ್ ಅವರು ಶಾಲೆಯ ಕೆಲಸ ಬಿಟ್ಟು ಪೈಕ್ ಕೌಂಟಿಯ ಮೆಕೋಂಬ್ ಪಟ್ಟಣಕ್ಕೆ ಬಂದರು. ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿಯ ಪರವಾಗಿ ಆಗಸ್ಟ್ ತಿಂಗಳಲ್ಲಿ ಅಲ್ಲಿ ಒಂದು ಶಾಲೆ ತೆರೆದರು. ಮಕ್ಕಳಿಗಲ್ಲ, ದೊಡ್ಡವರಿಗೆ, ಆ ಇಪ್ಪತ್ತೊಂದು ಪ್ರಶ್ನೆಗಳನ್ನು ಓದಿ ಉತ್ತರ ಬರೆಯುವುದನ್ನು ಕಲಿಸುವ ಶಾಲೆ. ಪಕ್ಕದ ಏಮಿಟ್ ಕೌಂಟಿಯಿಂದಲೂ ರೈತರು ಬರತೊಡಗಿದರು. ಏಮಿಟ್ ಎಂಬ ಹೆಸರು ಸ್ನೇಹವೆಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಅದರ ಕೇಂದ್ರ ಪಟ್ಟಣದ ಹೆಸರು ಲಿಬರ್ಟಿ, ಎಂದರೆ ಸ್ವಾತಂತ್ರ್ಯ. ಹೆಸರಿಗೂ ನಡತೆಗೂ ಇಷ್ಟು ದೂರವಿರುವ ಊರುಗಳು ಜಗತ್ತಿನಲ್ಲಿ ವಿರಳವೆನ್ನಬೇಕು. ಆಗಸ್ಟ್ 29ರಂದು ಇಬ್ಬರು ಸ್ಥಳೀಯರನ್ನು ಕರೆದುಕೊಂಡು ಲಿಬರ್ಟಿಯ ಕಚೇರಿಗೆ ಹೋಗುತ್ತಿದ್ದ ಮೋಸೆಸ್ ಅವರನ್ನು ಅಲ್ಲಿಯ ಪೊಲೀಸ್ ಮುಖ್ಯಾಧಿಕಾರಿಯ ನಂಟನೊಬ್ಬ ಬೀದಿಯಲ್ಲಿಯೇ ತಲೆ ಒಡೆಯುವಂತೆ ಹೊಡೆದನು. ಅವರು ಎದ್ದು, ರಕ್ತ ಸುರಿಯುತ್ತಿದ್ದ ಅಂಗಿಯಲ್ಲಿಯೇ ಕಚೇರಿಯ ಮೆಟ್ಟಿಲು ಹತ್ತಿದರು. ತಲೆಗೆ ಹೊಲಿಗೆ ಹಾಕಿಸಿಕೊಂಡದ್ದು ಆಮೇಲೆ. ಅಷ್ಟಕ್ಕೆ ಬಿಡದೆ ಹೊಡೆದವನ ಮೇಲೆ ದೂರು ಕೊಟ್ಟರು. ಬಿಳಿಯನ ಮೇಲೆ ಕಪ್ಪು ಮನುಷ್ಯನೊಬ್ಬ ದೂರು ಕೊಡುವುದು ಆ ಸೀಮೆಯಲ್ಲಿ ಕಂಡು ಕೇಳರಿಯದ ಸಂಗತಿ. ವಿಚಾರಣೆ ನಡೆಯಿತು, ಆರೋಪಿಯ ಬಿಡುಗಡೆಯೂ ಆಯಿತು.

ಮುಂದೆ ನಡೆದದ್ದು ಇದಕ್ಕಿಂತ ಘೋರವಾದದ್ದು. ಮೋಸೆಸ್ ಅವರಿಗೆ ತನ್ನ ಕಾರಿನಲ್ಲಿ ಊರೂರು ತೋರಿಸಿ ನೆರವಾಗುತ್ತಿದ್ದ ಹರ್ಬರ್ಟ್ ಲೀ ಎಂಬ ರೈತ, ಒಂಬತ್ತು ಮಕ್ಕಳ ತಂದೆ. ಸೆಪ್ಟೆಂಬರ್ 25ರಂದು ಲಿಬರ್ಟಿಯಲ್ಲಿ ಹತ್ತಿಯನ್ನು ಹಿಂಜುವ ಕಾರ್ಖಾನೆಯ ಮುಂದೆ, ಹಾಡುಹಗಲಿನಲ್ಲಿ, ರಾಜ್ಯ ಶಾಸನಸಭೆಯ ಸದಸ್ಯನಾದ ಇ. ಎಚ್. ಹರ್ಸ್ಟ್ ಎಂಬವನು ಲೀ ಅವರನ್ನು ಗುಂಡಿಟ್ಟು ಕೊಂದನು. ಆತ್ಮರಕ್ಷಣೆಗಾಗಿ ಹೊಡೆದೆನೆಂಬ ಅವನ ಹೇಳಿಕೆಯನ್ನು ಪಂಚರು ಒಪ್ಪಿಕೊಂಡರು. ಆ ಹೇಳಿಕೆಗೆ ಬೆದರಿಕೆಯಿಂದ ಸಾಕ್ಷಿ ನುಡಿದಿದ್ದ ಲೂಯಿ ಅಲೆನ್ ಎಂಬ ಕಪ್ಪು ಮನುಷ್ಯ ಅನಂತರ ನಿಜವನ್ನು ಹೇಳಲು ಮುಂದಾದರು. 1964ರ ಜನವರಿ 31ರಂದು ಅವರನ್ನೂ ಅವರ ಮನೆಯ ಬಾಗಿಲಲ್ಲಿಯೇ ಕೊಲ್ಲಲಾಯಿತು. ಲೀ ಅವರ ಅಂತ್ಯಕ್ರಿಯೆಯ ದಿನ ವಿಧವೆಯಾದ ಹೆಣ್ಣುಮಗಳು ಮೋಸೆಸ್ ಅವರೆದುರು ಬಂದು ಎದೆ ಬಡಿದುಕೊಂಡು, ತನ್ನ ಗಂಡನನ್ನು ಕೊಂದವರು ನೀವೇ ಎಂದು ಕೂಗಿದರು. ಅವರು ಏನೂ ಉತ್ತರ ಕೊಡಲಿಲ್ಲ. ಕೊಡಲು ಉತ್ತರವಾದರೂ ಏನಿತ್ತು? ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ತೆತ್ತ ಬೆಲೆಯನ್ನು ಕೇಳುತ್ತ ಬೆಳೆದ ನಮ್ಮ ಮನೆಗಳವರಿಗೆ ಈ ತಾಯಿಯ ಕೂಗು ಹೊಸದಾಗಿ ಕೇಳಿಸದು. ಸಮಾನತೆಯ ಮಾತು ಹೇಳುವವರು ಅನೇಕರು. ಅದಕ್ಕಾಗಿ ಮೊದಲು ಪ್ರಾಣ ತೆರುವವನು ಮಾತ್ರ ಬಹುವೇಳೆ ಆ ಊರಿನ ಸಾಮಾನ್ಯನೇ ಆಗಿರುತ್ತಾನೆ.

ಈ ಸಂಕಟ ಇನ್ನೂ ಹಸಿಯಾಗಿರುವಾಗಲೇ ಮೆಕೋಂಬಿನ ಶಾಲಾಮಕ್ಕಳು ಬೀದಿಗಿಳಿದರು. ಬ್ರೆಂಡಾ ಟ್ರಾವಿಸ್ ಎಂಬ ಹದಿಹರೆಯದ ವಿದ್ಯಾರ್ಥಿನಿಯನ್ನು, ಬಸ್ ನಿಲ್ದಾಣದಲ್ಲಿ ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕುಳಿತ ಅಪರಾಧಕ್ಕಾಗಿ ಸೆರೆಗೆ ಹಾಕಿದ್ದರು. ಬಿಡುಗಡೆಯಾಗಿ ಬಂದಾಗ ಶಾಲೆ ಆಕೆಯನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಅಕ್ಟೋಬರ್ 4ರಂದು ನೂರಕ್ಕೂ ಹೆಚ್ಚು ಮಕ್ಕಳು ತರಗತಿಯಿಂದ ಎದ್ದು ಬಂದು ಮೆರವಣಿಗೆ ಹೊರಟರು. ಮೋಸೆಸ್ ಅವರೂ ಸಮಿತಿಯ ಅಧ್ಯಕ್ಷರಾದ ಚಾರ್ಲ್ಸ್ ಮೆಕ್‌ಡ್ಯೂ ಅವರೂ ಬಾಬ್ ಜೆಲ್ನರ್ ಎಂಬ ಬಿಳಿಯ ತರುಣರೂ ಜೊತೆಗೂಡಿದರು. ನಗರಸಭೆಯ ಮೆಟ್ಟಿಲುಗಳ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಮೊಣಕಾಲೂರಿ ಪ್ರಾರ್ಥನೆಗೆ ತೊಡಗಿದೊಡನೆ ಪೊಲೀಸರು ಎಳೆದೊಯ್ದರು. ಬಿಳಿಯರ ಗುಂಪೊಂದು ಜೆಲ್ನರ್ ಅವರ ಮೇಲೆ ಬಿದ್ದು ಥಳಿಸಿತು. ತಮ್ಮವನೇ ಅತ್ತ ಸೇರಿಕೊಂಡನೆಂಬ ಸಿಟ್ಟು ಅದಕ್ಕೆ. ಬ್ರೆಂಡಾಳನ್ನು ಬಾಲಾಪರಾಧಿಗಳ ಸುಧಾರಣಾ ಶಾಲೆಗೆ ಕಳುಹಿಸಿದರು. ಇನ್ನು ಮೇಲೆ ಪ್ರತಿಭಟನೆಗೆ ಹೋಗುವುದಿಲ್ಲವೆಂದು ಬರೆದುಕೊಡಲು ಒಪ್ಪದ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತು. ಅಂಥವರಿಗಾಗಿ ಮೋಸೆಸ್, ಮೆಕ್‌ಡ್ಯೂ ಮೊದಲಾದವರು ತಾವೇ ತರಗತಿ ನಡೆಸಿದರು. ಗಣಿತ ಮೋಸೆಸ್ ಅವರದು, ಇತಿಹಾಸ ಮೆಕ್‌ಡ್ಯೂ ಅವರದು. ಆದರೆ ತಿಂಗಳ ಕೊನೆಯ ದಿನ ನ್ಯಾಯಾಲಯ ಗುರುಗಳಿಗೇ ಶಿಕ್ಷೆ ವಿಧಿಸಿತು: ನಾಲ್ಕರಿಂದ ಆರು ತಿಂಗಳ ಸೆರೆ. ಮರುದಿನ ಬರೆದದ್ದೇ ಈ ಓಲೆ.

ಓಲೆಯ ಆರಂಭದಲ್ಲಿಯೇ ಮೋಸೆಸ್ ಅವರು ತಾವು ಎಲ್ಲಿದ್ದೇವೆಂದು ತಿಳಿಸುತ್ತಾರೆ. ತಣ್ಣನೆಯ ಕಾಂಕ್ರೀಟಿನ ಮೇಲೆ ಹನ್ನೆರಡು ಜನ. ಬಳಿಕ ಒಬ್ಬೊಬ್ಬರನ್ನೂ ಹೆಸರು ಹಿಡಿದು ಪರಿಚಯಿಸುತ್ತಾರೆ. ಕರ್ಟಿಸ್ ಹೇಯ್ಸ್, ಹಾಲಿಸ್ ವಾಟ್ಕಿನ್ಸ್ ಹಾಗೂ ಇನ್ನಿಬ್ಬರು ಈ ಕೋಣೆಗೆ ಹಳಬರು. ಎದ್ದು ಕುಳಿತು ಹರಟುತ್ತಿದ್ದಾರೆ, ಮಾತೆಲ್ಲ ಹೆಚ್ಚಾಗಿ ಹುಡುಗಿಯರ ವಿಷಯ. ಮೆಕ್‌ಡ್ಯೂ ಗೋಡೆಗೂ ನೆಲಕ್ಕೂ ಒತ್ತಿಕೊಂಡು ಮುದುಡಿದ್ದಾರೆ. ಆರು ಜನ ಚಳಿಯಲ್ಲಿ ಒತ್ತೊತ್ತಾಗಿ ಮಲಗಿದ್ದಾರೆ. ಆರು ಹೆಸರುಗಳೂ ಅಲ್ಲಿವೆ. ಎದುರಿನ ಮತ್ತೊಂದು ಶೀತಲ ಕೋಣೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರ ಹೆಸರನ್ನೂ ಮರೆತಿಲ್ಲ. ಇಷ್ಟು ಜನರ ನಡುವೆ ತನ್ನ ವಿಷಯವಾಗಿ ಬರೆದದ್ದು, ಕುಳಿತು ಸ್ವಲ್ಪ ಯೋಚಿಸುತ್ತ ಸ್ವಲ್ಪ ಬರೆಯುತ್ತ ಇದ್ದೇನೆಂಬ ಒಂದೇ ಮಾತು. ಎರಡು ತಿಂಗಳ ಹಿಂದೆ ತಲೆ ಒಡೆಸಿಕೊಂಡವರು ಆ ಗಾಯದ ಸುದ್ದಿಯನ್ನೇ ಎತ್ತುವುದಿಲ್ಲ. ನಮಗೆ ಈ ಓಲೆಯಲ್ಲಿ ಎಲ್ಲಕ್ಕಿಂತ ಹಿರಿದಾಗಿ ಕಂಡದ್ದು ಈ ಹೆಸರುಗಳ ಸಾಲು. ಆ ರಾಜ್ಯದಲ್ಲಿ ಬಿಳಿಯರು ಕಪ್ಪು ಜನರನ್ನು, ಮುದುಕರನ್ನು ಕೂಡ, ಪೂರ್ತಿ ಹೆಸರಿನಿಂದ ಗೌರವವಾಗಿ ಕರೆಯುತ್ತಿರಲಿಲ್ಲ, ಹುಡುಗನೆಂದೇ ಕೂಗುತ್ತಿದ್ದರು. ಅಂಥಲ್ಲಿ ಹಳ್ಳಿಯ ಹೈಸ್ಕೂಲು ಹುಡುಗನೊಬ್ಬನ ಹೆಸರನ್ನು ಪೂರ್ಣವಾಗಿ ಬರೆಯುವುದೇ ಒಂದು ಸತ್ಕಾರ.

ಮೆಕ್‌ಡ್ಯೂ ಅವರನ್ನು ಕುರಿತ ಮಾತು ಸೊಗಸಾಗಿದೆ: ಹುಟ್ಟಿನಿಂದ ಕಪ್ಪು ಜನಾಂಗದವರು, ತಾವೇ ಆರಿಸಿಕೊಂಡು ಯೆಹೂದ್ಯರಾದವರು, ಅನಿವಾರ್ಯತೆಯಿಂದ ಕ್ರಾಂತಿಕಾರಿಯಾದವರು ಎಂಬುದು ಅದರ ಭಾವ. ಇದರ ಹಿಂದೆ ಒಂದು ಪ್ರಸಂಗವಿದೆ. ಮೆಕ್‌ಡ್ಯೂ ಅವರು ದಕ್ಷಿಣ ಕೆರೊಲಿನಾದ ಕಾಲೇಜಿನಲ್ಲಿ ಓದುತ್ತಿದ್ದಾಗ ಬೇರೆ ಬೇರೆ ಪಂಗಡಗಳ ಧರ್ಮಗುರುಗಳು ಬಂದು ಉಪನ್ಯಾಸ ಮಾಡಿದರು. ನಿಮ್ಮ ಮಂದಿರಕ್ಕೆ ನಾನು ಪೂಜೆಗೆ ಬರಬಹುದೇ ಎಂದು ಇವರು ಕೇಳಿದಾಗ ಬನ್ನಿ ಎಂದವರು ಯೆಹೂದ್ಯರ ಗುರು ಒಬ್ಬರೇ. ಮೆಕ್‌ಡ್ಯೂ ಆ ಮತವನ್ನೇ ಸ್ವೀಕರಿಸಿದರು. ದೀಕ್ಷೆಗೆ ಕುಲವನ್ನು ಕೇಳಬಾರದೆಂದು ಎಂಟು ಶತಮಾನಗಳ ಹಿಂದೆಯೇ ಸಾರಿದ ಪರಂಪರೆಗೆ ಸೇರಿದ ನಾವು, ನಮ್ಮ ಬಾಗಿಲಿಗೆ ಅಂಥ ತರುಣನೊಬ್ಬ ಬಂದು ಕೇಳಿದರೆ ಇಂದು ಏನು ಹೇಳಿಯೇವು ಎಂದು ಯೋಚಿಸುವುದು ತಪ್ಪಾಗದು.

ಊಟದ ವಿವರವೂ ಓಲೆಯಲ್ಲಿದೆ. ಚಪ್ಪಟೆಯಾದ ತಟ್ಟೆಯಲ್ಲಿ ಅನ್ನ ಮತ್ತು ಗಟ್ಟಿ ಸಾರು, ಒಣಗಿದ ರೊಟ್ಟಿ, ಅಂಗಡಿಯ ಒಂದು ತುಂಡು ಕೇಕು. ತಿನ್ನಲು ಚಮಚವಿಲ್ಲ, ಕುಡಿಯಲು ಲೋಟವಿಲ್ಲ. ನಲ್ಲಿಯಿಂದ ನೀರು ಬಂದು ಒಂದು ತೂತಿಗೆ ಇಳಿಯುತ್ತದೆ. ಇದನ್ನು ದೂರಾಗಿ ಬರೆದಿಲ್ಲ. ಮನೆಗೆ ಬರೆಯುವ ಕಾಗದದಲ್ಲಿ ಇಂದು ಇಂಥ ಅಡುಗೆಯಾಯಿತೆಂದು ತಿಳಿಸುವ ಧಾಟಿಯಲ್ಲಿ ಬರೆದಿದ್ದಾರೆ.

ಓಲೆಯ ಕಠಿಣವಾದ ಭಾಗವೆಂದರೆ ನ್ಯಾಯಾಧೀಶರಾದ ಬ್ರಮ್‌ಫೀಲ್ಡ್ ಅವರ ಮಾತುಗಳ ನೆನಪು. ಶಿಕ್ಷೆ ವಿಧಿಸುವಾಗ ಅವರು, ಮೆಕೋಂಬಿನಲ್ಲಿದ್ದ ಜನಾಂಗ ಸೌಹಾರ್ದವನ್ನು ಕೆಡಿಸಲು ಬಂದ ಲೆಕ್ಕಾಚಾರದ ಜನ ನೀವು ಎಂದು ಜರೆದರು. ಇದನ್ನು ಬರೆಯುತ್ತ ಮೋಸೆಸ್ ಅವರು ಕಂಸದಲ್ಲಿ ಆ ಸೌಹಾರ್ದ 1619ರಿಂದಲೂ ಇದ್ದದ್ದೆಂದು ಸೇರಿಸಿದ್ದಾರೆ. 1619 ಎಂದರೆ ಆಫ್ರಿಕಾದಿಂದ ಸೆರೆಹಿಡಿದು ತಂದವರನ್ನು ವರ್ಜಿನಿಯಾದ ತೀರದಲ್ಲಿ ಇಳಿಸಿ ಮಾರಿದ ವರ್ಷ. ಕೋಪವನ್ನು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಶಾಂತವಾಗಿ ಇಟ್ಟಿರುವುದನ್ನು ನಾವು ಬೇರೆಲ್ಲಿಯೂ ಕಾಣೆವು. ನ್ಯಾಯಾಧೀಶರ ಎರಡನೆಯ ಮಾತು ಮಾತ್ರ ಹಾಸ್ಯಕ್ಕೆ ಒದಗುವಂಥದಲ್ಲ. ಎಳೆಯ ಮಕ್ಕಳನ್ನು ಕುರಿಗಳಂತೆ ಕೊಲೆಯ ದೊಡ್ಡಿಗೆ ಒಯ್ಯುತ್ತಿರುವ ಮುಂದಾಳುಗಳು ನೀವು ಎಂದು ಅವರು ಹೇಳಿದರು. ಮೋಸೆಸ್ ಅವರು ಅದನ್ನೂ ಬರೆದು, ಕೊಲೆ ಕಾನೂನಿನ ರೀತಿಯಲ್ಲಿಯೇ ಎಂದು ಪಕ್ಕದಲ್ಲಿ ಸೇರಿಸಿ ಸುಮ್ಮನಾಗಿದ್ದಾರೆ.

ಅದು ಅವರಿಗೆ ಎಲ್ಲಿ ತಾಗಿರಬೇಕೆಂಬುದನ್ನು ಓದುಗರು ಊಹಿಸಬಲ್ಲರು. ಐದು ವಾರಗಳ ಹಿಂದಷ್ಟೆ ಅದೇ ಆರೋಪವನ್ನು ಶತ್ರುವಲ್ಲದ ಒಬ್ಬ ತಾಯಿಯ ಬಾಯಲ್ಲಿ ಕೇಳಿದ್ದರು. ಕೆಲವು ವರ್ಷಗಳ ತರುವಾಯ ಸಂದರ್ಶನವೊಂದರಲ್ಲಿ ಅವರು, ಸೆರೆಯಲ್ಲಿ ಆಲ್ಬೇರ್ ಕಾಮು ಎಂಬ ಫ್ರೆಂಚ್ ಲೇಖಕರ ಗ್ರಂಥಗಳನ್ನು ಮತ್ತೆ ಓದಿದುದಾಗಿ ಹೇಳಿದರು. ಬಲಿಪಶುವಾಗಿ ಇರಲೂ ಒಪ್ಪದೆ, ಹಾಗೆಂದು ತಾನೇ ಕೊಲ್ಲುವವನಾಗಿ ಬಿಡದೆ, ನಡುವೆ ಬದುಕುವುದು ಹೇಗೆಂಬುದು ಅವರನ್ನು ಕಾಡಿದ ಪ್ರಶ್ನೆ. ಅಹಿಂಸೆಯನ್ನು ಒಪ್ಪಿದವರು ಕೈಯಲ್ಲಿ ಕೋಲು ಹಿಡಿಯದಿದ್ದರೆ ಸಾಕೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ತನ್ನ ಮಾತನ್ನು ನಂಬಿ ಬಂದವನಿಗೆ ಆದ ಹಿಂಸೆಯೂ ತನ್ನ ಪಾಲಿಗೆ ಬರುತ್ತದೆಂದು ಮೋಸೆಸ್ ಅವರು ತಿಳಿದಿದ್ದರು. ಆದುದರಿಂದಲೇ ಅವರು ಮಿಸಿಸಿಪ್ಪಿಯನ್ನು ಬಿಟ್ಟು ನ್ಯೂಯಾರ್ಕಿಗೆ ಮರಳಲಿಲ್ಲ. ಲೀ ಅವರಂಥವರ ನಡುವೆಯೇ ಉಳಿದರು.

ಓಲೆಯ ಕೊನೆಗೆ ಹಾಲಿಸ್ ವಾಟ್ಕಿನ್ಸ್ ಹಾಡಲು ತೊಡಗುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ದೋಣಿ ಹುಟ್ಟುವವರು ಹಾಡುತ್ತಿದ್ದ ಹಳೆಯ ಭಕ್ತಿಗೀತೆ ಅದು. ತರುಣರು ಅದರೊಳಗೆ ಮಿಸಿಸಿಪ್ಪಿಯ ಹೆಸರನ್ನು ಸೇರಿಸಿಕೊಂಡಿದ್ದರು. ಹನ್ನೆರಡು ಜನರೂ ದನಿಗೂಡಿಸುತ್ತಿರುವಂತೆ ಓದುಗನಿಗೆ ಭಾಸವಾಗುತ್ತದೆ. ಮಿಸಿಸಿಪ್ಪಿಯನ್ನು ಸಮುದ್ರದ ಹಿಮಪರ್ವತಕ್ಕೆ ಹೋಲಿಸಿ, ತಾವು ಅದರ ನಟ್ಟನಡುವೆ ಇದ್ದೇವೆ, ಅಲ್ಲಿ ಒಂದು ಸಣ್ಣ ಕಂಪನವಾಗಿದೆ ಎಂದು ಮೋಸೆಸ್ ಅವರು ಬರೆಯುತ್ತಾರೆ. ಕಂಪನಕ್ಕೆ ಕಾರಣವಾದದ್ದು ಕಟ್ಟುವವರು ಒಲ್ಲೆನೆಂದ ಕಲ್ಲು. ಇದು ಬೈಬಲ್ಲಿನ ಪ್ರಸಂಗದ ನೆನಪು; ಮನೆ ಕಟ್ಟುವಾಗ ಬೇಡವೆಂದು ಪಕ್ಕಕ್ಕೆ ಹಾಕಿದ ಕಲ್ಲೇ ಕಡೆಗೆ ಮೂಲೆಗೆ ಆಧಾರವಾದ ಕಥೆ. ಅಲ್ಲಿಗೆ ಓಲೆ ಮುಗಿಯುತ್ತದೆ.

ಡಿಸೆಂಬರಿನಲ್ಲಿ ಜಾಮೀನು ಕೂಡಿಬಂದು ಸೆರೆಯಾಳುಗಳು ಹೊರಬಂದರು. ಶಾಲೆ ಕಳೆದುಕೊಂಡ ಮಕ್ಕಳಲ್ಲಿ ಅನೇಕರಿಗೆ ರಾಜಧಾನಿ ಜ್ಯಾಕ್ಸನ್ನಿನಲ್ಲಿ ಕಪ್ಪು ಕ್ರೈಸ್ತರು ನಡೆಸುತ್ತಿದ್ದ ಕ್ಯಾಂಪ್‌ಬೆಲ್ ಕಾಲೇಜು ಆಶ್ರಯ ಕೊಟ್ಟಿತು. 1964ರ ಬೇಸಗೆಯಲ್ಲಿ ಮೋಸೆಸ್ ಅವರ ಯೋಜನೆಯಂತೆ ಉತ್ತರದ ಸುಮಾರು ಸಾವಿರ ವಿದ್ಯಾರ್ಥಿಗಳು ಮಿಸಿಸಿಪ್ಪಿಗೆ ಬಂದರು. ಜೂನ್ 21ರಂದು ಅವರ ಕಾರ್ಯಕರ್ತರಲ್ಲಿ ಮೂವರ ಕೊಲೆಯಾಯಿತು. ಮರುವರ್ಷ, 1965ರ ಆಗಸ್ಟ್ 6ರಂದು, ಮತದಾನದ ಹಕ್ಕಿನ ಕಾಯಿದೆಗೆ ಅಧ್ಯಕ್ಷ ಜಾನ್ಸನ್ ಅವರ ಅಂಕಿತ ಬಿತ್ತು. ಅದಕ್ಕೆ ಮೊದಲು ಮಿಸಿಸಿಪ್ಪಿಯ ಅರ್ಹ ಕಪ್ಪು ಜನರಲ್ಲಿ ಶೇಕಡ 7ರಷ್ಟು ಮಂದಿಯೂ ಪಟ್ಟಿಯಲ್ಲಿರಲಿಲ್ಲ. 1967ರ ಹೊತ್ತಿಗೆ ಆ ಪ್ರಮಾಣ ಶೇಕಡ 60ರ ಸಮೀಪಕ್ಕೆ ಬಂದಿತು.

ಕೀರ್ತಿ ಬಂದಾಗ ಮೋಸೆಸ್ ಅವರು ಮಾಡಿದ ಒಂದು ಕೆಲಸ ವಿಚಿತ್ರವಾಗಿ ತೋರೀತು. ಮೋಸೆಸ್ ಎಂಬುದು ಬೈಬಲ್ಲಿನಲ್ಲಿ ದಾಸ್ಯದಿಂದ ಜನರನ್ನು ಬಿಡಿಸಿ ತಂದ ಪ್ರವಾದಿಯ ಹೆಸರು. ಜನ ತಮ್ಮನ್ನು ಅಂಥವರೆಂದೇ ಬಗೆಯತೊಡಗಿದುದನ್ನು ಕಂಡು ಅವರು 1965ರಲ್ಲಿ ಆ ಹೆಸರನ್ನೇ ಕೆಲಕಾಲ ಬಿಟ್ಟರು. ತಾಯಿಯ ತವರಿನ ಹೆಸರಾದ ಪ್ಯಾರಿಸ್ ಎಂಬುದನ್ನು ಮಾತ್ರ ಇಟ್ಟುಕೊಂಡರು. ಆಮೇಲೆ ವಿಯೆಟ್ನಾಂ ಯುದ್ಧಕ್ಕೆ ಸೇರಲೊಲ್ಲದೆ ಕೆನಡಾಕ್ಕೆ ಹೋಗಿ, ಅಲ್ಲಿಂದ ಟಾಂಜಾನಿಯಾ ದೇಶವನ್ನು ಸೇರಿ, 1976ರವರೆಗೆ ಅಲ್ಲಿಯ ಮಕ್ಕಳಿಗೆ ಗಣಿತ ಕಲಿಸಿದರು. ಅಮೆರಿಕಕ್ಕೆ ಮರಳಿದ ಮೇಲೆ, ಹಿರಿಯ ಮಗಳ ಶಾಲೆಯಲ್ಲಿ ಬೀಜಗಣಿತವನ್ನು ಕಲಿಸುತ್ತಿಲ್ಲವೆಂದು ತಿಳಿದು ತರಗತಿಗೆ ತಾವೇ ಹೋಗಿ ಕಲಿಸತೊಡಗಿದರು. 1982ರಲ್ಲಿ ಆರಂಭವಾದ ಬೀಜಗಣಿತ ಯೋಜನೆಗೆ ಇದೇ ಮೂಲ. ಮತದಾನದ ಅರ್ಜಿಯನ್ನು ಓದಲು ಬಾರದವನು 1961ರಲ್ಲಿ ಹೇಗೆ ಹೊರಗುಳಿದನೋ, ಗಣಿತ ಬಾರದ ಬಡ ಮಗು ಮುಂದಿನ ಕಾಲದಲ್ಲಿ ಹಾಗೆಯೇ ಹೊರಗುಳಿಯುವುದೆಂಬುದು ಅವರ ವಾದವಾಗಿತ್ತು.

ಆ ಯೋಜನೆಗಾಗಿ ಅವರು ಮತ್ತೆ ಮಿಸಿಸಿಪ್ಪಿಗೇ ಬಂದರು. ಮ್ಯಾಸಚೂಸೆಟ್ಸಿನ ಮನೆಯಿಂದ ಜ್ಯಾಕ್ಸನ್ನಿಗೆ ಪ್ರಯಾಣ ಮಾಡುತ್ತ, ಅಲ್ಲಿಯ ಲೇನಿಯರ್ ಪ್ರೌಢಶಾಲೆಯಲ್ಲಿ ಅರವತ್ತು ದಾಟಿದ ವಯಸ್ಸಿನಲ್ಲಿಯೂ ಕಪ್ಪುಹಲಗೆಯ ಮುಂದೆ ನಿಂತು ಪಾಠ ಹೇಳಿದರು. 2021ರ ಜುಲೈ 25ರಂದು, 86ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸೆರೆಮನೆಯಲ್ಲಿ ಹಾಡಿದ ಹಾಲಿಸ್ ವಾಟ್ಕಿನ್ಸ್ ಅವರು ಇನ್ನೂ ಎರಡು ವರ್ಷ ಬದುಕಿದ್ದರು; ಸಭೆಗಳಿಗೆ ಕರೆದಲ್ಲಿ ಹೋಗಿ ಆ ಕಾಲದ ಹಾಡುಗಳನ್ನು ಹಾಡುತ್ತಿದ್ದರು.